‘ತಮಾಷೆಗೆ ಒದ್ದೆ ಅಷ್ಟೇ’

ಶಾಲೆಯಿಂದ ಫೋನ್ ಬರುತ್ತದೆ: ನಿಮ್ಮ ಮಗ ಪಕ್ಕದ ಹುಡುಗನಿಗೆ ಹೊಡೆದಿದ್ದಾನೆ, ಸ್ವಲ್ಪ ಬನ್ನಿ. ಹೋಗಿ ಕೇಳಿದರೆ ಮಗ ತಲೆ ತಗ್ಗಿಸಿ, ‘ತಮಾಷೆಗೆ ಒದ್ದೆ ಅಷ್ಟೇ, ನೋವಾಗಲಿ ಅಂತಲ್ಲ’ ಎನ್ನುತ್ತಾನೆ. ಈ ಮಾತು ನಿಜವೇ ಇರಬಹುದು. ಆದರೆ ಪರಿಹಾರದ ಮೊಕದ್ದಮೆಯಲ್ಲಿ ಅದರ ಬೆಲೆ ನೀವು ಅಂದುಕೊಂಡಷ್ಟಿಲ್ಲ.

1889ರ ಫೆಬ್ರವರಿ 20. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವಾಕೆಶಾ ಊರಿನ ಶಾಲೆ. ಇನ್ನೂ 12 ತುಂಬದ ಹುಡುಗನೊಬ್ಬ, ಪಾಠಕ್ಕೆಂದು ಎಲ್ಲರೂ ಕೂತ ಮೇಲೆ, ಕಾಲು ಚಾಚಿ ಆಚೆ ಸಾಲಿನ 14ರ ಹುಡುಗನ ಮೊಣಕಾಲ ಕೆಳಗೆ ಮೆಲ್ಲಗೆ ಒದ್ದ. ಒದೆಸಿಕೊಂಡವನಿಗೆ ಆ ಕ್ಷಣ ಗೊತ್ತೇ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಚೀರಿಕೊಂಡ. ಹಿಂದಿನ ತಿಂಗಳಷ್ಟೇ ಅದೇ ಕಾಲಿಗೆ ಪೆಟ್ಟಾಗಿತ್ತು. ಕಾಲು ಮತ್ತೆ ಸ್ವಾಧೀನಕ್ಕೆ ಬರಲಿಲ್ಲ.

ನೋಯಿಸುವ ಉದ್ದೇಶ ಇರಲಿಲ್ಲ ಎಂದು ಒಪ್ಪಿಯೂ ಜ್ಯೂರಿ 2,500 ಡಾಲರ್ ಪರಿಹಾರ ಹೇಳಿತು. 1891ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಸಾಕ್ಷ್ಯದ ಲೋಪಕ್ಕಾಗಿ ಆ ತೀರ್ಪನ್ನು ರದ್ದು ಮಾಡಿ ಮರುವಿಚಾರಣೆಗೆ ಕಳಿಸಿತು. ಆದರೆ ಅದು ಆಡಿದ ಮಾತನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಒದೆಯುವುದೇ ತಪ್ಪಾಗಿದ್ದ ಜಾಗದಲ್ಲಿ ಬೇಕೆಂದೇ ಒದ್ದರೆ ಸಾಕು, ನೋಯಿಸುವ ಆಸೆ ಬೇಕಿಲ್ಲ. ಕಾಲು ಮೊದಲೇ ದುರ್ಬಲವಾಗಿತ್ತು ಎಂಬ ನೆಪವೂ ನಡೆಯದು. ಇದೇ ಒದೆ ಆಟದ ಬಯಲಿನಲ್ಲಿ ಬಿದ್ದಿದ್ದರೆ ಮಾತೇ ಬೇರೆ. ಆಟಕ್ಕಿಳಿದವರು ತಳ್ಳಾಟಕ್ಕೆ ಒಪ್ಪಿಕೊಂಡೇ ಇಳಿದಿರುತ್ತಾರೆ.

ಈ ಒಪ್ಪಿಗೆಯೇ ಹಲ್ಲೆ ಮೊಕದ್ದಮೆಗಳಲ್ಲಿ ಒಂದು ದೊಡ್ಡ ರಕ್ಷಣೆ. ಕಬಡ್ಡಿಯಲ್ಲಿ ಹಿಡಿದು ಕೆಡವಿದವನ ಮೇಲೆ ದಾವೆ ನಿಲ್ಲುವುದಿಲ್ಲ. ಶಿಳ್ಳೆ ಊದಿದ ಮೇಲೆ ಗುದ್ದಿದರೆ ಅದು ಆಟವಲ್ಲ. ಇನ್ನೊಂದು ಆತ್ಮರಕ್ಷಣೆ. ತಳ್ಳಿದವನನ್ನು ದೂರ ತಳ್ಳಬಹುದು. ಅವನು ಬೆನ್ನು ತಿರುಗಿಸಿ ಹೊರಟ ಮೇಲೆ ಕಲ್ಲು ಎಸೆದರೆ ಅದು ಸೇಡು. ‘ಅವನೇ ಮೊದಲು ಬೈದ’ ಎಂಬುದು ಮಕ್ಕಳ ನೆಚ್ಚಿನ ಸಮರ್ಥನೆ. ಪರಿಹಾರದ ಮೊತ್ತವನ್ನು ಒಂದಿಷ್ಟು ಇಳಿಸಲು ನೆರವಾಗಬಹುದು, ಅಷ್ಟೇ. ಬೈಗುಳಕ್ಕೆ ಪೆಟ್ಟು ಉತ್ತರವೆಂದು ಕೋರ್ಟು ಒಪ್ಪುವುದಿಲ್ಲ.

ಹಲ್ಲೆಗೆ ಮೈ ತಾಗಲೇಬೇಕೆಂದೂ ಇಲ್ಲ. ಬ್ಯಾಟ್ ಎತ್ತಿ, ಈಗಲೇ ಬೀಳುತ್ತದೆ ಎಂಬ ಭಯ ಹುಟ್ಟಿಸಿದರೆ ಅದನ್ನು ‘ಅಸಾಲ್ಟ್’ ಎನ್ನುತ್ತಾರೆ; ತಾಗಿದರೆ ‘ಬ್ಯಾಟರಿ’. ನಮ್ಮ ಆಡುಮಾತಿನಲ್ಲಿ ಎರಡೂ ಹಲ್ಲೆಯೇ.

‘ಇನ್ನೂ ಮಗು ಅಲ್ವಾ ಸಾರ್’ ಎಂದು ಅನೇಕರು ಕೇಳುತ್ತಾರೆ. ಕ್ರಿಮಿನಲ್ ಕಾನೂನು ಆ ಮಾತಿಗೆ ಕಿವಿಗೊಡುತ್ತದೆ: ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ 7 ವರ್ಷದೊಳಗಿನ ಮಗು ಮಾಡಿದ್ದು ಅಪರಾಧವಲ್ಲ, 7 ದಾಟಿ 12 ತುಂಬುವವರೆಗೆ, ಮಾಡಿದ್ದರ ಅರಿವು ಮಗುವಿಗಿತ್ತೇ ಎಂದು ನೋಡಬೇಕು, 18ರವರೆಗಿನ ಪ್ರಕರಣ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ. ಸಿವಿಲ್ ದಾವೆಯ ದಾರಿ ಬೇರೆ. ಅಲ್ಲಿ ಅಪ್ರಾಪ್ತರ ಮೇಲೂ ದಾವೆ ಹೂಡಬಹುದು, ಅವರ ಪರವಾಗಿ ಪೋಷಕರೊಬ್ಬರು ನಿಲ್ಲಬೇಕು. ಮಗ ಹೊಡೆದ ಎಂಬ ಒಂದೇ ಕಾರಣಕ್ಕೆ ತಂದೆ ಹಣ ಕಟ್ಟಬೇಕಿಲ್ಲ, ನಿಗಾ ಇಡುವುದರಲ್ಲಿ ತಂದೆಯದೇ ಲೋಪವಿದ್ದರೆ ಮಾತ್ರ. ಅಮೆರಿಕದಲ್ಲಿರುವ ಕನ್ನಡಿಗರು ಇದನ್ನೇ ನಂಬಿ ಕೂರಬಾರದು; ಮಕ್ಕಳು ಬೇಕೆಂದು ಮಾಡಿದ ಹಾನಿಗೆ ಇಂತಿಷ್ಟು ಮಿತಿಯವರೆಗೆ ಹೆತ್ತವರೂ ಹೊಣೆ ಎನ್ನುವ ಕಾನೂನು ಅಲ್ಲಿನ ಅನೇಕ ರಾಜ್ಯಗಳಲ್ಲಿದೆ.

ನನಗೆ ಹೆಚ್ಚು ಚಿಂತೆ ಮಕ್ಕಳದಲ್ಲ, ‘ಕೇಳಿ ಬರ್ತೀನಿ’ ಎಂದು ಎದುರು ಮನೆಗೆ ನುಗ್ಗುವ ಅಪ್ಪಂದಿರದು. ಅಲ್ಲಿ ಆ ಮಗುವಿನ ಕೆನ್ನೆಗೆ ಒಂದು ಬಾರಿಸಿದರೆ ಮಕ್ಕಳ ಜಗಳ ಹಿರಿಯರ ಪ್ರಕರಣವಾಗುತ್ತದೆ: 1 ವರ್ಷದವರೆಗೆ ಸೆರೆ, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ವಯಸ್ಸಿನ ರಿಯಾಯಿತಿ ನಿಮಗಿಲ್ಲ.

ನಿಮ್ಮ ಮಗುವಿಗೇ ಪೆಟ್ಟಾಗಿದ್ದರೆ ಮೊದಲು ವೈದ್ಯರ ಹತ್ತಿರ ಹೋಗಿ. ಪೆಟ್ಟು ಹೇಗೆ ಬಿತ್ತೆಂದು ಮಗು ಹೇಳಿದ್ದನ್ನೇ ಚೀಟಿಯಲ್ಲಿ ಬರೆಸಿ, ಗಾಯದ ಫೋಟೊ ತೆಗೆದಿಡಿ, ಬಿಲ್ಲುಗಳನ್ನು ಎಸೆಯಬೇಡಿ. ಶಾಲೆಗೆ ಬಾಯಿಮಾತಿನಲ್ಲಿ ಹೇಳಿ ಬರುವ ಬದಲು ಅರ್ಜಿ ಕೊಟ್ಟು, ಅದರ ಪ್ರತಿಗೆ ಸೀಲು ಹಾಕಿಸಿಕೊಳ್ಳಿ.