ಕಲ್ಯಾಣದ ಕಾಯಕವೂ ಪಾಲ್ಕುರಿಕೆಯ ಕಾವ್ಯವೂ

ಒಬ್ಬ ಮಹನೀಯನ ವಿಚಾರವು ಮತ್ತೊಬ್ಬನ ಕೃತಿಯಲ್ಲಿ ಮೊಳೆಯುವ ಬಗೆಯನ್ನು ಅರಿಯಲು ಸಿರ್ಗಾಪುರದವರು ಬಹುದೂರ ಅರಸಬೇಕಾಗಿಲ್ಲ. ಊರಿನ ಪಡುವಣಕ್ಕೆ ಕಲ್ಯಾಣ. ಮೂಡಣಕ್ಕೆ, ತೆಲುಗು ನಾಡಿನೊಳಗೆ, ಪಾಲ್ಕುರಿಕೆ.

ಹನ್ನೆರಡನೆಯ ಶತಮಾನದಲ್ಲಿ ಬಿಜ್ಜಳನ ಭಂಡಾರವನ್ನು ನೋಡಿಕೊಂಡಿದ್ದ ಬಸವಣ್ಣನವರು ದುಡಿಮೆಯನ್ನು ಹೊಟ್ಟೆಪಾಡೆಂದು ಹೀಗಳೆಯದೆ ಕಾಯಕವೆಂದು ಎತ್ತಿಹಿಡಿದರು. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬಿದಿರಿನ ಕೆಲಸದ ಮೇದಾರ ಕೇತಯ್ಯ ಮೊದಲಾದವರು ವಚನಕಾರರಾದುದು ಆ ಗಾಳಿಯಲ್ಲಿಯೇ. ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕ. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಮಡದಿ ಲಕ್ಕಮ್ಮನು ಅದನ್ನು ಒಲೆಗೇರಿಸಲಿಲ್ಲ; ಮಿಕ್ಕುದನ್ನು ಆಯ್ದಲ್ಲಿಯೇ ಸುರಿದು ಬರುವಂತೆ ಕಳುಹಿದಳೆಂದು ಸಂಪ್ರದಾಯವು ಹೇಳುತ್ತದೆ. ಗುರುವಿನ ಮಾತನ್ನು ಒಪ್ಪುವುದು ಸುಲಭ. ಅದನ್ನು ಅಡುಗೆಮನೆಯ ಅಳತೆಗೆ ತರುವುದು ಕಷ್ಟ.

ತರುವಾಯ ಬಂದ ಪಾಲ್ಕುರಿಕೆ ಸೋಮನಾಥನು ಬಸವಣ್ಣನವರ ಚರಿತೆಯನ್ನು ತೆಲುಗಿನಲ್ಲಿ 'ಬಸವಪುರಾಣ'ವಾಗಿ ರಚಿಸಿದನು. ಅಂದಿನ ತೆಲುಗು ಪಂಡಿತರಿಗೆ ಮಾನ್ಯವಾದುದು ಸಂಸ್ಕೃತಭರಿತ ಚಂಪೂ. ಸಂಸ್ಕೃತದಲ್ಲಿಯೂ ಕನ್ನಡದಲ್ಲಿಯೂ ನುರಿತಿದ್ದ ಈತನಾದರೋ ಜನರು ಹಾಡಿಕೊಳ್ಳಬಲ್ಲ ದೇಸಿಯ ದ್ವಿಪದಿಯನ್ನು ಆರಿಸಿಕೊಂಡನು. ವಚನಗಳು ಆಡುನುಡಿಗೆ ಕೊಟ್ಟ ಗೌರವವೇ ಈ ಆಯ್ಕೆಯ ಹಿಂದೆ ಇದ್ದಿತೆಂದರೆ ತಪ್ಪಾಗಲಾರದು. ವಿಚಾರದ ಪ್ರಭಾವವು ವಸ್ತುವಿನಲ್ಲಿಯೇ ನಿಲ್ಲದೆ ಛಂದಸ್ಸಿನವರೆಗೂ ಇಳಿದಿತ್ತು.

1369ರಲ್ಲಿ ಭೀಮಕವಿಯು ಆ ಪುರಾಣವನ್ನು ಕನ್ನಡಕ್ಕೆ ತಂದನು. ಸೋಮನಾಥನಲ್ಲಿ ಅಪಾರ ಗೌರವವಿದ್ದರೂ ಆತನ ದ್ವಿಪದಿಯನ್ನು ಹಿಡಿಯದೆ, ಕನ್ನಡಿಗರ ಕಿವಿಗೆ ಒಗ್ಗಿದ ಷಟ್ಪದಿಯಲ್ಲಿ ಹಾಡಿದನು. ಕಲ್ಯಾಣದಿಂದ ಹೊರಟು ತೆಲುಗಿಗೆ ಹೋಗಿದ್ದ ಕಥೆಯು, ಬಸವಣ್ಣನವರ ಕಾಲದಿಂದ ಸುಮಾರು ಇನ್ನೂರು ವರ್ಷಗಳ ಬಳಿಕ, ಬೇರೊಂದು ನಡಿಗೆಯಲ್ಲಿ ಕನ್ನಡಕ್ಕೆ ಮರಳಿತು.