ಕೊನೆಯ ಗದ್ದೆಗೂ ನೀರು: ನಮ್ಮ ಸೀಮೆಯ ಯುವಜನರಿಗೆ ಎಂಟು ಸೂತ್ರಗಳು

ಸಂತೇಬೆನ್ನೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಎಲ್ಲವೂ ದಾವಣಗೆರೆ ಜಿಲ್ಲೆಯವೇ ಆದರೂ ಒಂದೂರಿನ ಬದುಕು ಇನ್ನೊಂದೂರಿನಂತಿಲ್ಲ. ಒಂದು ಕಡೆ ಅಡಿಕೆ ತೋಟ, ಇನ್ನೊಂದು ಕಡೆ ನಾಲೆ ನೀರಿನ ಭತ್ತ, ಮತ್ತೊಂದು ಕಡೆ ಮುಗಿಲು ನೋಡಿಕೊಂಡು ಬಿತ್ತುವ ಮೆಕ್ಕೆಜೋಳ. ಆದರೆ ಒಂದು ಮಾತು ಎಲ್ಲ ಕಡೆಯೂ ಕಿವಿಗೆ ಬೀಳುತ್ತದೆ: ‘ನಮ್ ಕೈಯಾಗೆ ಏನೈತಿ ಬಿಡ್ರಿ.’ ಆ ಮಾತನ್ನು ಬಿಡಬೇಕೆಂದಿರುವವರಿಗಾಗಿ ಇದನ್ನು ಬರೆದಿದ್ದೇನೆ.

1. ಕೈಯಲ್ಲಿರುವುದನ್ನೂ ಇಲ್ಲದ್ದನ್ನೂ ಬೇರೆ ಮಾಡಿ

ಭದ್ರಾ ಜಲಾಶಯದ ಪೂರ್ಣ ಮಟ್ಟ 186 ಅಡಿ. ಅದು ತುಂಬುವುದು ಮಲೆನಾಡಿನ ಮಳೆಗೆ ಬಿಟ್ಟದ್ದು. ನಾಲೆಗೆ ಯಾವತ್ತು ನೀರು ಹರಿಸಬೇಕೆಂಬುದು ನೀರಾವರಿ ಸಲಹಾ ಸಮಿತಿಗೆ ಬಿಟ್ಟದ್ದು. ಹೊಲಗಾಲುವೆಯ ಹೂಳೆತ್ತುವುದು, ಬದು ಗಟ್ಟಿ ಮಾಡುವುದು, ಅಣೆಕಟ್ಟಿನಲ್ಲಿ ನೀರಿಲ್ಲದ ಬೇಸಿಗೆಯಲ್ಲಿ ಭತ್ತ ಬಿಟ್ಟು ಬೇರೇನಾದರೂ ಬೆಳೆಯುವುದು ನಿಮಗೆ ಬಿಟ್ಟದ್ದು. ನೌಕರಿಗೂ ವ್ಯಾಪಾರಕ್ಕೂ ಇದೇ ಲೆಕ್ಕ. ಒಂದು ಹಾಳೆಯ ನಡುವೆ ಗೆರೆ ಎಳೆದು ಎರಡು ಪಟ್ಟಿ ಬರೆಯಿರಿ: ಕೈಯಲ್ಲಿಲ್ಲದ್ದು ಎಡಕ್ಕೆ, ಕೈಯಲ್ಲಿರುವುದು ಬಲಕ್ಕೆ. ಎಡಗಡೆಯ ಪಟ್ಟಿಯನ್ನು ಬೈದುಕೊಂಡು ಕೂತರೆ ದಿನ ಹೋಗುತ್ತದೆ. ಬಲಗಡೆಯ ಪಟ್ಟಿಯಲ್ಲಿ ದಿನಕ್ಕೊಂದು ಕೆಲಸ ಮುಗಿಸಿ.

2. ತೆರೆದಿರುವ ಬಾಗಿಲನ್ನು ತಳ್ಳಿ ನೋಡಿ

ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಆಯ್ಕೆಯಾದರು. ಇಂಗ್ಲಿಷ್ ಮತ್ತು ಹಿಂದಿಯಲ್ಲೇ ನಡೆಯುತ್ತಿದ್ದ ಸದನದಲ್ಲಿ ಅವರು ಎದ್ದು ನಿಂತು ಕನ್ನಡದಲ್ಲಿ ಮಾತನಾಡಿದರು. ಲೋಕಸಭೆಯಲ್ಲಿ ಮೊದಲು ಕನ್ನಡದಲ್ಲಿ ಮಾತನಾಡಿದವರೆಂಬ ಹೆಸರು ಇಂದಿಗೂ ಅವರದೇ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಸಭಾಧ್ಯಕ್ಷರ ಅನುಮತಿ ಪಡೆದು ಸದಸ್ಯರು ಮಾತೃಭಾಷೆಯಲ್ಲಿ ಮಾತನಾಡಲು ಸಂವಿಧಾನದ 120ನೇ ವಿಧಿ ಮೊದಲಿನಿಂದಲೂ ದಾರಿ ಮಾಡಿಕೊಟ್ಟಿತ್ತು. ಕಾನೂನು ಇತ್ತು, ಅದನ್ನು ಕನ್ನಡಕ್ಕೆ ಬಳಸಿಕೊಳ್ಳುವ ಧೈರ್ಯ ಮಾತ್ರ ಯಾರೋ ಒಬ್ಬರಿಂದ ಬರಬೇಕಿತ್ತು.

ಅದೇ ಪಟೇಲರು 1996ರಲ್ಲಿ ಮುಖ್ಯಮಂತ್ರಿಯಾದರು. ಮರುವರ್ಷ ರಾಜ್ಯಕ್ಕೆ ಏಳು ಹೊಸ ಜಿಲ್ಲೆಗಳು ಬಂದವು, ಅವುಗಳಲ್ಲಿ ದಾವಣಗೆರೆಯೂ ಒಂದು. ಅಲ್ಲಿಯವರೆಗೆ ಚನ್ನಗಿರಿ, ಹೊನ್ನಾಳಿಯವರು ಜಿಲ್ಲಾ ಕಚೇರಿಯ ಕೆಲಸಕ್ಕೆ ಶಿವಮೊಗ್ಗಕ್ಕೂ ಜಗಳೂರಿನವರು ಚಿತ್ರದುರ್ಗಕ್ಕೂ ಬಸ್ಸು ಹತ್ತುತ್ತಿದ್ದರು. ಸಂದರ್ಶನಕ್ಕೆ ಹೋಗುವ ಮೊದಲೇ ‘ನನಗೆ ಇಂಗ್ಲಿಷ್ ಬರಲ್ಲ’ ಎಂದು ಹಿಂದೆ ಸರಿಯುವ ನಮ್ಮ ಹುಡುಗ ಹುಡುಗಿಯರಿಗೆ ಪಟೇಲರ ಈ ಕಥೆಯನ್ನು ಹೇಳಲೇಬೇಕು. ಇಂಗ್ಲಿಷ್ ಕಲಿಯಿರಿ, ಬೇಡವೆನ್ನುವುದಿಲ್ಲ. ಆದರೆ ಕಲಿತು ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡು ಕೂರಬೇಡಿ.

3. ಕಾಯುವ ವರ್ಷಗಳನ್ನು ಖಾಲಿ ಬಿಡಬೇಡಿ

ಅಡಿಕೆ ಸಸಿ ನೆಟ್ಟರೆ ಫಸಲಿಗೆ ಐದಾರು ವರ್ಷ ಬೇಕು. ತಿಳಿದ ರೈತ ಅಷ್ಟೂ ವರ್ಷ ಸುಮ್ಮನಿರುವುದಿಲ್ಲ, ನಡುವೆ ಬಾಳೆ ಹಾಕುತ್ತಾನೆ. ಸಸಿಗೆ ನೆರಳೂ ಆಯಿತು, ಮನೆಗೆ ಕಾಸೂ ಆಯಿತು. ಸ್ಪರ್ಧಾತ್ಮಕ ಪರೀಕ್ಷೆಗೆಂದು ವರ್ಷಗಟ್ಟಲೆ ಓದುತ್ತಿರುವವರೇ, ನಿಮ್ಮ ಬಾಳೆ ಯಾವುದು?

4. ಮನೆಯೊಳಗಿನ ನ್ಯಾಯವನ್ನು ಮುಂದೂಡಬೇಡಿ

ಸಂಬಂಧಗಳು ಒಂದು ದಿನದ ಜಗಳಕ್ಕೆ ಹಾಳಾಗುವುದು ಕಡಿಮೆ. ಬಾಯಿ ಮಾತಿನಲ್ಲೇ ಉಳಿದುಹೋದ ಲೆಕ್ಕಗಳು ಅವನ್ನು ಒಳಗೊಳಗೇ ತಿನ್ನುತ್ತವೆ. ತೋಟವನ್ನು ಚೇಣಿಗೆ ಕೊಟ್ಟಾಗ ಮುಂಗಡ ಎಷ್ಟು ಬಂತು, ಕೊಳವೆಬಾವಿ ಕೊರೆಸಿದ ಸಾಲದಲ್ಲಿ ಯಾರ ಪಾಲೆಷ್ಟು, ತಂದೆಯ ಆಸ್ಪತ್ರೆ ಖರ್ಚು ಯಾರು ಕೊಟ್ಟರು ಎಂಬುದನ್ನೆಲ್ಲ ಬರೆದಿಡಿ. ಅಣ್ಣತಮ್ಮಂದಿರ ನಡುವೆ ಪುಸ್ತಕ ಏಕೆ ಎನ್ನುವವರಿದ್ದಾರೆ. ಬರೆದಿಟ್ಟ ಲೆಕ್ಕ ಪ್ರೀತಿಯನ್ನು ಕಾಯುತ್ತದೆ ಎಂದೇ ನಾನು ನಂಬಿದ್ದೇನೆ.

ಇನ್ನು ಅಕ್ಕತಂಗಿಯರ ವಿಷಯ. ಈ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ, ಆದರೂ ಹೇಳಬೇಕು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತ್ತು. ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ಅಷ್ಟು ಮುಂಚೆ ಕಾನೂನು ಕಂಡ ನಾಡಿನಲ್ಲಿ ಇವತ್ತಿಗೂ ಹಬ್ಬಕ್ಕೆ ಬಂದ ತಂಗಿಯ ಮುಂದೆ ಸೀರೆಯ ಜೊತೆಗೆ ಹಕ್ಕು ಬಿಡುಗಡೆ ಪತ್ರವನ್ನೂ ಇಡುವ ಮನೆಗಳಿವೆ. ಅವಳು ತವರು ಉಳಿಯಲೆಂದು ಸಹಿ ಹಾಕುತ್ತಾಳೆ. ನೀವು ಜವಾಬ್ದಾರಿಯುಳ್ಳ ಅಣ್ಣನೋ ತಮ್ಮನೋ ಆಗಿದ್ದರೆ ಪತ್ರ ಬರೆಸುವ ಮೊದಲೇ ಅವಳನ್ನು ಕೂರಿಸಿಕೊಂಡು ಕೇಳಿ: ‘ನಿನಗೇನು ಬೇಕು?’ ಉತ್ತರ ಏನೇ ಬಂದರೂ ಅದಕ್ಕೆ ಬದ್ಧರಾಗಿ.

5. ತಪ್ಪಾಯಿತು ಅಂದ ಮೇಲೆ ‘ಆದರೆ’ ಎನ್ನಬೇಡಿ

ಹೆಂಡತಿಯ ಮುಂದಾಗಲಿ, ಕೂಲಿಯವರ ಮುಂದಾಗಲಿ, ಮಕ್ಕಳ ಮುಂದಾಗಲಿ.

6. ಊರಿನ ಆಸ್ತಿಯಲ್ಲಿ ನಿಮ್ಮ ಪಾಲೂ ಇದೆ

ಸಂತೇಬೆನ್ನೂರಿನ ಪುಷ್ಕರಣಿಯನ್ನು ಕಟ್ಟಿಸಿದವನು ಪಾಳೆಯಗಾರ ಕೆಂಗ ಹನುಮಂತಪ್ಪ ನಾಯಕ. ಹೊಂಡದ ನಡುವೆ ವಸಂತ ಮಂಟಪ, ನಾಲ್ಕೂ ಕಡೆ ಮೆಟ್ಟಿಲು, ಪಕ್ಕದಲ್ಲೇ ಮುಸಾಫಿರ್‌ಖಾನಾ. ಕಾಯುವ ಇಲಾಖೆ ಇದೆ, ನಿಜ. ಆದರೆ ಪ್ರವಾಸಿಯೊಬ್ಬ ಮೆಟ್ಟಿಲ ಮೇಲೆ ಪ್ಲಾಸ್ಟಿಕ್ ಬಾಟಲಿ ಎಸೆದ ಕ್ಷಣದಲ್ಲಿ ಎದುರಿಗಿರುವುದು ಇಲಾಖೆಯಲ್ಲ, ನೀವು. ಪರಂಪರೆಯನ್ನೂ ಕೆರೆ, ಕಾಡು, ನದಿಗಳನ್ನೂ ಕಾಪಾಡುವುದು ಪ್ರಜೆಯ ಮೂಲಭೂತ ಕರ್ತವ್ಯವೆಂದು 1976ರಿಂದ ಸಂವಿಧಾನದಲ್ಲೇ ಬರೆದಿದೆ.

ಸೂಳೆಕೆರೆಯನ್ನು ನೋಡಿ. ಎರಡು ಗುಡ್ಡಗಳ ನಡುವಿನ ಕಿರಿದಾದ ಸಂದಿಗೆ ಏರಿ ಹಾಕಿ ಶತಮಾನಗಳ ಹಿಂದೆ ಅಷ್ಟು ದೊಡ್ಡ ಕೆರೆ ನಿಲ್ಲಿಸಿದರು. ಶಾಂತವ್ವ ಕಟ್ಟಿಸಿದಳೆಂದು ಜನ ನೆನೆಯುತ್ತಾರೆ, ಶಾಂತಿಸಾಗರವೆಂಬ ಹೆಸರೂ ಇದೆ. ಚಿತ್ರದುರ್ಗದ ನಲ್ಲಿಗಳಿಗೂ ಇಲ್ಲಿನ ನೀರು ಹೋಗಿದೆ. ಈ ಕೆರೆಯ ಗಡಿ ಅಳೆಸಿ, ಒತ್ತುವರಿ ತೆರವು ಮಾಡಿಸಿ ಎಂದು ಪಟ್ಟು ಹಿಡಿದು ಕಚೇರಿಗಳಿಗೆ ಅಲೆದವರಲ್ಲಿ ಚನ್ನಗಿರಿ ತಾಲ್ಲೂಕಿನ ಯುವಕರಿದ್ದರು. ಅವರ ಕೈಯಲ್ಲಿ ಅಧಿಕಾರವಿರಲಿಲ್ಲ. ಅರ್ಜಿ, ನಕ್ಷೆ, ತಾಳ್ಮೆ, ಇಷ್ಟೇ ಅವರ ಬಂಡವಾಳ.

7. ಮುಂದಾಳಾಗುವ ಮೊದಲು ಕೊನೆಯ ಗದ್ದೆ ನೋಡಿ ಬನ್ನಿ

ನಾಲೆಯ ಮೇಲ್ಭಾಗದಲ್ಲಿ ನೀರು ಧಾರಾಳ. ಕೊನೆ ಭಾಗದ ರೈತ ರಸ್ತೆಗೆ ಇಳಿದಾಗ ಮಾತ್ರ ಅವನ ಸುದ್ದಿ ಪತ್ರಿಕೆಗೆ ಬರುತ್ತದೆ. ಮೇಲಿನವರು ತೂಬು ಮುಚ್ಚದೆ ಮಲಗಿದರೆ ಕೆಳಗಿನವರ ಪೈರು ಒಣಗುತ್ತದೆ, ಅಲ್ಲಿ ಕಳ್ಳತನದ ಉದ್ದೇಶವೇ ಇರಬೇಕೆಂದಿಲ್ಲ, ಮೈಮರೆವು ಸಾಕು. ಹಿಂದೆ ಕೆರೆ ನೀರನ್ನು ಪಾಳಿಯ ಪ್ರಕಾರ ಹಂಚುವುದಕ್ಕೆಂದೇ ನೀರುಗಂಟಿ ಇರುತ್ತಿದ್ದ. ಅವನ ಕಣ್ಣು ಇರಬೇಕಾದದ್ದು ಕಟ್ಟಕಡೆಯ ಮಡಿಯ ಮೇಲೆ.

ಸ್ವಸಹಾಯ ಸಂಘ ನಡೆಸುವ ಅಕ್ಕ, ಹಾಲಿನ ಡೇರಿ ಕಾರ್ಯದರ್ಶಿ, ಶಾಲೆಯ ಮುಖ್ಯಶಿಕ್ಷಕ, ಎಲ್ಲರಿಗೂ ಈ ಕಣ್ಣು ಬೇಕು. ನಿಮ್ಮ ಸಭೆಯಲ್ಲಿ ಬಾಯಿಬಿಡದೆ ಎದ್ದು ಹೋಗುವವರು ಯಾರು? ಸಾಲದ ಪಟ್ಟಿಯಲ್ಲಿ ಪ್ರತಿ ಸಲ ಕೆಳಗೆ ಉಳಿಯುವ ಹೆಸರು ಯಾವುದು? ಜಗಳೂರು ಎಷ್ಟೋ ಕಾಲ ಇಡೀ ಸೀಮೆಯ ಕೊನೆಯ ಗದ್ದೆಯಾಗಿತ್ತು. ತುಂಗಭದ್ರೆಯಿಂದ ನೀರೆತ್ತಿ ಅಲ್ಲಿನ 57 ಕೆರೆಗಳಿಗೆ ಹರಿಸುವ ಯೋಜನೆ ರೂಪುಗೊಂಡಿತೆಂದರೆ, ಬರಗಾಲ ನಮ್ಮ ಹಣೆಬರಹ ಎಂಬ ಮಾತನ್ನು ಒಪ್ಪದೆ ಕೇಳುತ್ತಲೇ ಇದ್ದ ಜನರ ಪಾಲೂ ಅದರಲ್ಲಿ ದೊಡ್ಡದು.

8. ಈ ಸಲದ ಗ್ರಾಮಸಭೆಗೆ ಹೋಗಿ

ಕಾನೂನಿನ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಅದು ನಡೆಯಲೇಬೇಕು. ಒಬ್ಬರೇ ಹೋಗಬೇಡಿ, ಅಕ್ಕಪಕ್ಕದ ಮನೆಯವರನ್ನೂ, ಮುಖ್ಯವಾಗಿ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗಿ. ಹತ್ತು ವಿಷಯ ಎತ್ತಿ ಗದ್ದಲ ಮಾಡುವುದಕ್ಕಿಂತ ಒಂದೇ ಪ್ರಶ್ನೆಯನ್ನು ಬರೆದುಕೊಂಡು ಹೋಗಿ, ನಿಧಾನವಾಗಿ ಓದಿ. ಉತ್ತರ ಕೊಡುವವರ ಹೆಸರನ್ನೂ ಅವರು ಹೇಳಿದ ಗಡುವನ್ನೂ ಗುರುತು ಹಾಕಿಕೊಳ್ಳಿ. ನಡಾವಳಿ ಪುಸ್ತಕದಲ್ಲಿ ನಿಮ್ಮ ಪ್ರಶ್ನೆ ದಾಖಲಾಗಿದೆಯೇ ಎಂದು ಓದಿ ನೋಡಿದ ಮೇಲೆಯೇ ಸಹಿ ಹಾಕಿ.