ಬೋಧನಾಭ್ಯಾಸ ಮತ್ತು ಸ್ವಂತ ಬದುಕು: ಆರು ವಾರಗಳ ಸಮಯದ ಲೆಕ್ಕ

ಪೀಠಿಕೆ

ಮೇಷ್ಟ್ರ ಕೆಲಸ ಸಂಜೆ ನಾಲ್ಕೂವರೆಗೆ ಮುಗಿಯುತ್ತದೆ, ಮೇಲೆ ದಸರಾ ರಜೆ, ಬೇಸಿಗೆ ರಜೆ ಬೇರೆ ಎಂಬ ಮಾತನ್ನು ಕೇಳುತ್ತಲೇ ನಾನು ಬಿ.ಎಸ್ಸಿ. ಮುಗಿಸಿ ಬಿ.ಎಡ್.ಗೆ ಸೇರಿದೆ. ಎರಡನೇ ವರ್ಷ ಸರ್ಕಾರಿ ಪ್ರೌಢಶಾಲೆಯೊಂದಕ್ಕೆ ಬೋಧನಾಭ್ಯಾಸಕ್ಕೆ ಹೋದಾಗ ಆ ಮಾತು ಒಂದೇ ವಾರದಲ್ಲಿ ಸುಳ್ಳಾಯಿತು.

ನಾನು ನಮ್ಮೂರಿನ ಹವ್ಯಾಸಿ ನಾಟಕ ತಂಡದಲ್ಲಿದ್ದೇನೆ. ತಾಲೀಮು ಸಂಜೆ 6.30ಕ್ಕೆ. ಮೊದಲ ವಾರ ಒಂದು ದಿನವೂ ಹೋಗಲಾಗಲಿಲ್ಲ. ಶನಿವಾರ ನಿರ್ದೇಶಕರು ಫೋನ್ ಮಾಡಿ, "ಬರ್ತೀಯೇನಮ್ಮ, ಇಲ್ಲ ಪಾತ್ರ ಬೇರೆಯವರಿಗೆ ಕೊಡಲಾ?" ಎಂದರು. ಉತ್ತರ ಹೇಳುವ ಮೊದಲು ನನ್ನ ಸಮಯ ಎಲ್ಲಿಗೆ ಹೋಗುತ್ತಿದೆ ಎಂದು ನೋಡಬೇಕೆನ್ನಿಸಿತು. ಆ ವಾರ ಮಾಡಿದ ಕೆಲಸವನ್ನು ನೆನಪಿರುವಾಗಲೇ ಬರೆದಿಟ್ಟೆ. ಮುಂದೆ ಆರನೇ ವಾರದವರೆಗೂ ಪ್ರತಿ ರಾತ್ರಿ ಬರೆದೆ. ಈ ಲೇಖನ ಆ ಲೆಕ್ಕದ ಫಲ.

ಮೊದಲ ವಾರದ ಲೆಕ್ಕ

ಸೋಮವಾರದಿಂದ ಶುಕ್ರವಾರದವರೆಗೆ ಮತ್ತು ಶನಿವಾರ ಬೆಳಗಿನ ತರಗತಿ ಸೇರಿ ಶಾಲೆಯಲ್ಲಿ ಇದ್ದದ್ದು ಸುಮಾರು 38 ಗಂಟೆ. ಮನೆಯಲ್ಲಿ ಶಾಲೆಯ ಕೆಲಸಕ್ಕೆ ಹೋದದ್ದು 21 ಗಂಟೆ:

ಪಾಠಯೋಜನೆ ಬರೆಯುವುದು – 9 ಗಂಟೆ
ಚಾರ್ಟ್, ಮಾದರಿ ತಯಾರಿ – 6 ಗಂಟೆ
ನೋಟ್ಸ್ ತಿದ್ದುವುದು – 4 ಗಂಟೆ
ದಾಖಲೆ, ವಾಟ್ಸ್ಆ್ಯಪ್ ಗುಂಪಿನ ಸೂಚನೆಗಳು – 2 ಗಂಟೆ

ಶಿಕ್ಷಣ ಹಕ್ಕು ಕಾಯಿದೆ, 2009ರ ಅನುಸೂಚಿ ಶಿಕ್ಷಕರಿಗೆ ವಾರಕ್ಕೆ ಕನಿಷ್ಠ 45 ಗಂಟೆ ಎಂದು ಹೇಳುತ್ತದೆ. ಆ ಕಾಯಿದೆ 8ನೇ ತರಗತಿಯವರೆಗಿನದು. ಆದರೂ ಅದರಲ್ಲಿ ನನ್ನ ಗಮನ ಸೆಳೆದ ಅಂಶ ಒಂದಿದೆ: ಆ 45 ಗಂಟೆಯಲ್ಲಿ ಪೂರ್ವತಯಾರಿಯೂ ಸೇರಿದೆ. ಅಂದರೆ ತಯಾರಿ ರಾತ್ರಿಯಲ್ಲಿ ಕದ್ದುಮುಚ್ಚಿ ಮಾಡುವಂಥದ್ದಲ್ಲ, ಲೆಕ್ಕಕ್ಕೆ ಸಿಗಬೇಕಾದ ಕೆಲಸ. ನನ್ನ ಲೆಕ್ಕ 59 ಗಂಟೆಗೆ ಮುಟ್ಟಿತ್ತು. ಅದೂ ದಿನಕ್ಕೆ ಎರಡೇ ಪಿರಿಯಡ್ ತೆಗೆದುಕೊಳ್ಳುವ ಪ್ರಶಿಕ್ಷಣಾರ್ಥಿಯಾಗಿ.

ಆ ಒಂದು ಪಾಠ

ಎರಡನೇ ವಾರ 9ನೇ ತರಗತಿಗೆ ಪ್ಲವನತೆಯ ಪಾಠವಿತ್ತು. ಹಿಂದಿನ ರಾತ್ರಿ ಒಂದು ಗಂಟೆಯವರೆಗೆ ಕೂತು ಥರ್ಮಕೋಲಿನಲ್ಲಿ ಹಡಗಿನ ಮಾದರಿ ಮಾಡಿದ್ದೆ. ಪಾಠದ ನಡುವೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಮಿಸ್, ಮೊಳೆ ಮುಳುಗುತ್ತೆ, ಅಷ್ಟು ದೊಡ್ಡ ಕಬ್ಬಿಣದ ಹಡಗು ಯಾಕೆ ಮುಳುಗಲ್ಲ?" ಎಂದಳು. ಆ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಪ್ರಶ್ನೆ ಇರಲಿಲ್ಲ. ನನಗೆ ತಲೆ ಸಿಡಿಯುತ್ತಿತ್ತು. "ಆಮೇಲೆ ಹೇಳ್ತೀನಿ, ಕೂತ್ಕೋ" ಎಂದು ಬರೆದುಕೊಂಡಿದ್ದ ಯೋಜನೆಯಂತೆ ಮುಂದೆ ಹೋದೆ. ಅವಳು ಮತ್ತೆ ಕೈ ಎತ್ತಲಿಲ್ಲ.

ಹಿಂದೆ ಕುಳಿತು ವೀಕ್ಷಿಸುತ್ತಿದ್ದ ಮಾರ್ಗದರ್ಶಿ ಶಿಕ್ಷಕಿ ಸ್ಟಾಫ್ ರೂಮಿನಲ್ಲಿ ಹೇಳಿದ್ದು ಇಷ್ಟೇ: "ಹಡಗು ಚೆನ್ನಾಗಿತ್ತಮ್ಮ. ಮಾಡಿದವಳು ಮಾತ್ರ ಕ್ಲಾಸಲ್ಲಿ ಇರಲಿಲ್ಲ."

ಅಲ್ಲಿಯವರೆಗೆ ನಾನು ಶಾಲೆ ಮತ್ತು ನಾಟಕವನ್ನು ತಕ್ಕಡಿಯ ಎರಡು ತಟ್ಟೆ ಎಂದುಕೊಂಡಿದ್ದೆ. ಒಂದಕ್ಕೆ ಹೆಚ್ಚು ಹಾಕಿದರೆ ಇನ್ನೊಂದಕ್ಕೆ ಕಡಿಮೆ. ಆದರೆ ನಾನು ನಾಟಕ ಬಿಟ್ಟು, ನಿದ್ದೆ ಬಿಟ್ಟು ಶಾಲೆಗೆ ಕೊಟ್ಟ ಸಮಯ ಆ ಹುಡುಗಿಗೆ ತಲುಪಿರಲಿಲ್ಲ.

ಮಾಡಿದ ಬದಲಾವಣೆಗಳು

ಮೇಡಂ ಜೊತೆ ಕೂತು ನಾಲ್ಕು ಬದಲಾವಣೆ ಮಾಡಿಕೊಂಡೆ.

1. ಪಾಠೋಪಕರಣ ಮಾಡುವ ಮೊದಲು, ಇದನ್ನು ತರಗತಿಯಲ್ಲಿ ಎಷ್ಟು ನಿಮಿಷ ಬಳಸುತ್ತೇನೆ ಎಂದು ಕೇಳಿಕೊಳ್ಳುವುದು. ಮರುದಿನ ಅದೇ ಪಾಠಕ್ಕೆ ಒಂದು ಬಕೆಟ್ ನೀರು, ಬಿಸಿಯೂಟದ ಸ್ಟೀಲ್ ಬಟ್ಟಲು ಮತ್ತು ಚಮಚ ಸಾಕಾದವು. ಚಮಚ ಮುಳುಗಿತು, ಬಟ್ಟಲು ತೇಲಿತು. ಆ ಹುಡುಗಿಯನ್ನೇ ಕರೆದು ಬಟ್ಟಲನ್ನು ನೀರಿಗೆ ಒತ್ತಲು ಹೇಳಿದೆ. "ಕೆಳಗಿಂದ ತಳ್ತಾ ಇದೆ ಮಿಸ್" ಎಂದಳು. ಬಟ್ಟಲು ಎಷ್ಟು ನೀರನ್ನು ಪಕ್ಕಕ್ಕೆ ತಳ್ಳುತ್ತದೆ, ಚಮಚ ಎಷ್ಟು ತಳ್ಳುತ್ತದೆ ಎಂಬ ಚರ್ಚೆ ಅಲ್ಲಿಂದಲೇ ಶುರುವಾಯಿತು. ತಯಾರಿಗೆ ಹಿಡಿದದ್ದು ಹತ್ತು ನಿಮಿಷ.

2. ನೋಟ್ಸನ್ನು ಮನೆಗೆ ಒಯ್ಯದಿರುವುದು. ಖಾಲಿ ಪಿರಿಯಡ್‌ನಲ್ಲಿ ದಿನಕ್ಕೆ ಹತ್ತು ಪುಸ್ತಕ. ಚಿಕ್ಕ ಲೆಕ್ಕಗಳನ್ನು ಮಕ್ಕಳು ಕಪ್ಪುಹಲಗೆ ನೋಡಿ ತಾವೇ ತಿದ್ದಿಕೊಳ್ಳುತ್ತಾರೆ.

3. ಎರಡು ಮೂರು ಪಾಠಗಳ ಯೋಜನೆಯನ್ನು ಭಾನುವಾರ ಬೆಳಿಗ್ಗೆ ಒಟ್ಟಿಗೆ ಬರೆಯುವುದು. ಒಂದೇ ಘಟಕದ ಪಾಠಗಳಾದ್ದರಿಂದ ಯೋಚನೆಯೂ ಸರಾಗವಾಗಿ ಸಾಗುತ್ತದೆ.

4. ವಾಟ್ಸ್ಆ್ಯಪ್ ಸೂಚನೆಗಳನ್ನು ರಾತ್ರಿ 9ಕ್ಕೆ ಒಂದೇ ಸಲ ನೋಡುವುದು.

ಆರನೇ ವಾರದ ಹೊತ್ತಿಗೆ ಮನೆಯ ಕೆಲಸ 21 ಗಂಟೆಯಿಂದ 8 ಗಂಟೆಗೆ ಇಳಿಯಿತು. ವಾರಕ್ಕೆ ಮೂರು ದಿನ ತಾಲೀಮಿಗೆ ಹೋದೆ. ಮುಖ್ಯ ಪಾತ್ರ ಅಷ್ಟರಲ್ಲಿ ಬೇರೆಯವರಿಗೆ ಹೋಗಿತ್ತು, ನನಗೆ ಸಿಕ್ಕಿದ್ದು ಎರಡು ದೃಶ್ಯದ ಚಿಕ್ಕ ಪಾತ್ರ. ಬೇಸರವಾಯಿತು, ಆದರೆ ಒಪ್ಪಿಕೊಂಡೆ. ತಾಲೀಮಿನಲ್ಲಿ ಕಲಿತ ಒಂದು ಅಭ್ಯಾಸ ತರಗತಿಗೂ ಬಂತು: ಎದುರಿನವರ ಮಾತು ಮುಗಿಯುವವರೆಗೆ ಕಾಯುವುದು. ಪ್ರಶ್ನೆ ಕೇಳಿ ಮೂರು ಎಣಿಸುವಷ್ಟು ಸುಮ್ಮನಿದ್ದರೆ ಹಿಂದಿನ ಬೆಂಚಿನಿಂದಲೂ ಕೈ ಏಳುತ್ತದೆ.

ಮಿತಿಗಳು

ಈ ಲೆಕ್ಕವನ್ನು ಮೇಡಂಗೆ ಹೆಮ್ಮೆಯಿಂದ ತೋರಿಸಿದೆ. ಅವರು ನೋಡಿ ನಕ್ಕರು. "ಅಡುಗೆಯ ಸಾಲು ಎಲ್ಲಿ?" ಎಂದರು. ನಿಜ, ನನ್ನ ದಿನಚರಿಯಲ್ಲಿ ಅದು ಇರಲೇ ಇಲ್ಲ. ನನ್ನ ಊಟದ ಡಬ್ಬಿ ಬೆಳಿಗ್ಗೆ ಅಮ್ಮನ ಕೈಯಿಂದ ಬರುತ್ತಿತ್ತು. ಮೇಡಂ ಐದೂವರೆಗೆ ಎದ್ದು ಮನೆಯವರಿಗೆಲ್ಲ ತಿಂಡಿ ಮಾಡಿಟ್ಟು ಬರುತ್ತಾರೆ. ನಾನು ಸಾಧಿಸಿದೆನೆಂದುಕೊಂಡ ಸಮತೋಲನದ ಒಂದು ಭಾಗ ಅಮ್ಮನ ದುಡಿಮೆ. ಅಂದಿನಿಂದ ರಾತ್ರಿಯ ಅಡುಗೆ ವಾರಕ್ಕೆ ಮೂರು ದಿನ ನನ್ನದು. ಅದನ್ನೂ ಲೆಕ್ಕಕ್ಕೆ ಸೇರಿಸಿದ್ದೇನೆ.

ಇದು ಒಬ್ಬಳ ಆರು ವಾರಗಳ ಅನುಭವ ಮಾತ್ರ. ಪರೀಕ್ಷೆಯ ದಿನಗಳು, ಚುನಾವಣೆ ಮತ್ತು ಜನಗಣತಿಯ ಕರ್ತವ್ಯ ಇದರಲ್ಲಿ ಬಂದಿಲ್ಲ. ಅಂಥ ಹೊರೆಯನ್ನು ಶಿಕ್ಷಕಿಯೊಬ್ಬಳ ದಿನಚರಿ ಪುಸ್ತಕ ಇಳಿಸಲಾರದು.

ಉಪಸಂಹಾರ

ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿ ಎರಡು ವರ್ಷದ ಬಿ.ಎಡ್.ನಲ್ಲಿ ಶಾಲಾ ಅನುಭವಕ್ಕೆ 20 ವಾರ ಕೊಟ್ಟಿದೆ. ಪಾಠ ಮಾಡುವುದನ್ನು ಕಲಿಯುವ ಆ ವಾರಗಳಲ್ಲೇ, ಕೆಲಸವನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನೂ ಕಲಿಯಬಹುದು. ಸಹಪಾಠಿಗಳಿಗೆ ನನ್ನ ಸಲಹೆ: ಒಂದೇ ಒಂದು ವಾರ ಗಂಟೆಗಳನ್ನು ಬರೆದು ನೋಡಿ. ಉಪನ್ಯಾಸಕರಲ್ಲಿ ಒಂದು ವಿನಂತಿ: ಮೊದಲ ಹತ್ತು ಪಾಠಗಳಿಗೆ ಪೂರ್ಣ ಪಾಠಯೋಜನೆ ಬರೆಸಿ, ನಂತರದವಕ್ಕೆ ಒಂದು ಪುಟದ ಯೋಜನೆ ಸಾಕೇ ಎಂದು ಪರಿಶೀಲಿಸಬೇಕು. ಉಳಿಯುವ ಸಮಯದಲ್ಲಿ ನಾವು ನಿದ್ದೆ ಮಾಡಿದರೂ ಅದರ ಲಾಭ ಮರುದಿನ ಕೈ ಎತ್ತುವ ಮಗುವಿಗೇ ಸಿಗುತ್ತದೆ.